ಮಾರಿಸ್ ಮೈನರ್‌ಗೆ ಹೊಸ ಬ್ರೇಕ್ ಶೂ ಹಾಕಿದೆ, ಡ್ರಮ್ ಕೂರುತ್ತಿಲ್ಲ

ನಾಪೋಕ್ಲು_ಮೈನರ್
ಎಲ್ಲರಿಗೂ ನಮಸ್ಕಾರ. ಅಜ್ಜನ ಕಾಲದ ಮಾರಿಸ್ ಮೈನರ್ 1000 ನಮ್ಮ ಶೆಡ್ಡಿನಲ್ಲಿದೆ. 948 ಸಿಸಿ, ಮುಂದಿನ ಗಾಜು ಒಂದೇ ತುಂಡಿನದು. ಎಂಜಿನ್ ಓಡುತ್ತದೆ, ಗೇರ್ ಬೀಳುತ್ತದೆ. ಬ್ರೇಕ್ ಮಾತ್ರ ಪೆಡಲ್ ನೆಲ ಮುಟ್ಟಿದರೂ ಹಿಡಿಯುತ್ತಿರಲಿಲ್ಲ. ನಾಲ್ಕೂ ಚಕ್ರದ ಶೂ, ಅಂದರೆ ಡ್ರಮ್ಮಿಗೆ ಒಳಗಿನಿಂದ ಒತ್ತುವ ಕಬ್ಬಿಣದ ಕಮಾನುಗಳನ್ನು, ಬಿಚ್ಚಿ ಮೈಸೂರಿನ ಒಂದು ಅಂಗಡಿಯಲ್ಲಿ ಅವುಗಳ ಮೇಲೆ ಹೊಸ ಲೈನಿಂಗ್ (ಉಜ್ಜುವ ಪಟ್ಟಿ) ಹೊಡೆಸಿಕೊಂಡು ಬಂದೆ. ಹಿಂದಿನ ಎರಡು ಚಕ್ರ ಸಲೀಸಾಗಿ ಕೂತವು. ಮುಂದೆ ಎಡಗಡೆ, ಶೂ ಮೇಲೆ ಮುಚ್ಚಿ ಚಕ್ರದ ಜೊತೆ ತಿರುಗುವ ಡ್ರಮ್ ಅರ್ಧ ಹೋಗಿ ನಿಲ್ಲುತ್ತದೆ. ಅಂಗಡಿಯವರಿಗೆ ಫೋನ್ ಮಾಡಿದರೆ "ಸುತ್ತಿಗೆಯಲ್ಲಿ ಎರಡು ಏಟು ಕೊಡಿ, ಕೂರುತ್ತದೆ" ಅಂದರು. ನನಗೆ ಧೈರ್ಯ ಬರಲಿಲ್ಲ. ಹುತ್ತರಿಗೆ ಮುಂಚೆ ಗಾಡಿ ರಸ್ತೆಗೆ ಇಳಿಯಬೇಕು, ಅದೂ ಅಲ್ಲದೆ ಕಾಫಿ ಕೊಯ್ಲು ಶುರುವಾದರೆ ಕಣ ಖಾಲಿ ಇರುವುದಿಲ್ಲ, ಈಗ ಕಾರು ನಿಂತಿರುವುದು ಅಲ್ಲೇ. ಯಾರಿಗಾದರೂ ಗೊತ್ತಿದ್ದರೆ ಹೇಳಿ.

ಪೊನ್ನಂಪೇಟೆ_ಜೀಪ್
ಗ್ರೈಂಡರ್‌ಗೆ ಹಿಡಿಯಿರಿ ಗುರು, ಐದು ನಿಮಿಷದ ಕೆಲಸ. ನಮ್ಮ ಜೀಪಿಗೆ ಯಾವಾಗಲೂ ಹಾಗೇ ಮಾಡುವುದು.

ಗ್ಯಾರೇಜ್_ಮಾವ
ಸುತ್ತಿಗೆಯೂ ಬೇಡ, ಗ್ರೈಂಡರೂ ಬೇಡ. ಏಟು ಕೊಟ್ಟರೆ ಡ್ರಮ್ ಬಿರುಕು ಬಿಡಬಹುದು, ಎರಕದ ಕಬ್ಬಿಣ ಅದು. ಮೈನರ್ ಡ್ರಮ್ಮನ್ನು ಈಗ ಹುಡುಕುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು.

ತಮ್ಮಾ, ಮೊದಲು ಇಷ್ಟು ನೋಡಿ ಹೇಳು. ಶೂ ಡ್ರಮ್ಮಿಗೆ ಎಷ್ಟು ಹತ್ತಿರ ನಿಲ್ಲಬೇಕು ಅಂತ ಹೊಂದಿಸುವ ಅಡ್ಜಸ್ಟರ್ ಮುಂದಿನ ಚಕ್ರಕ್ಕೆ ಎರಡು ಇವೆ, ಒಂದೊಂದು ಶೂಗೆ ಒಂದೊಂದು. ಎರಡನ್ನೂ ಪೂರ್ತಿ ಸಡಿಲ ಮಾಡಿದ್ದೀಯಾ? ಒಂದನ್ನು ಮಾತ್ರ ಮಾಡಿ ಇನ್ನೊಂದನ್ನು ಮರೆಯುವವರು ಬಹಳ. ಹಿಂದಿನ ಚಕ್ರಕ್ಕೆ ಒಂದೇ ಇರುವುದರಿಂದ ಮುಂದೆಯೂ ಹಾಗೇ ಅಂದುಕೊಳ್ಳುತ್ತಾರೆ. ಎರಡನೆಯದು, ಶೂವನ್ನು ಹೊರಗೆ ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಪೂರ್ತಿ ಒಳಗೆ ಹೋಗಿದೆಯಾ? ಹೋಗದಿದ್ದರೆ ಬ್ಲೀಡ್ ನಿಪ್ಪಲ್ (ಗಾಳಿ ಹೊರಗೆ ಬಿಡುವ ತಿರುಪು) ಸ್ವಲ್ಪ ಸಡಿಲಿಸಿ ಬೆರಳಲ್ಲಿ ಒತ್ತು. ಡ್ರಮ್ ಹೊರಗಿರುವಾಗ ಯಾರೂ ಪೆಡಲ್ ತುಳಿಯಬಾರದು, ಮಕ್ಕಳಿದ್ದರೆ ಬಾಗಿಲು ಹಾಕಿಡು, ಪಿಸ್ಟನ್ ಹೊರಗೆ ಬಂದು ಆಯಿಲ್ ಎಲ್ಲಾ ಹೊಸ ಶೂ ಮೇಲೆ ಬೀಳುತ್ತದೆ. ಮೂರನೆಯದು, ಡ್ರಮ್ಮಿನ ಬಾಯಿಯ ಅಂಚಿಗೆ ಉಗುರು ಎಳೆದು ನೋಡು. ಮೆಟ್ಟಿಲಿನ ಹಾಗೆ ಏನಾದರೂ ತಡೆಯುತ್ತದೆಯಾ?

ನಾಪೋಕ್ಲು_ಮೈನರ್
ಮಾವ, ಎರಡೂ ಅಡ್ಜಸ್ಟರ್ ಸಡಿಲ ಇವೆ. ಪಿಸ್ಟನ್ ಒಳಗೆ ಹೋಗಿವೆ. ಡ್ರಮ್ ಅಂಚಿನಲ್ಲಿ ಉಗುರು ಸಿಕ್ಕಿಕೊಳ್ಳುತ್ತದೆ, ಚೆನ್ನಾಗಿಯೇ.

ಇನ್ನೊಂದು ವಿಷಯ. ಎರಡೂ ಶೂಗಳನ್ನು ಪಕ್ಕಪಕ್ಕ ಇಟ್ಟು ವರ್ನಿಯರ್ ಹಿಡಿದೆ. ಒಂದರ ಲೈನಿಂಗ್ ಇನ್ನೊಂದಕ್ಕಿಂತ ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ದಪ್ಪ. ಆ ದಪ್ಪದ ಶೂನಲ್ಲಿ ಲೈನಿಂಗ್‌ಗೂ ಕಬ್ಬಿಣಕ್ಕೂ ನಡುವೆ, ಸರಿಯಾಗಿ ಮಧ್ಯಭಾಗದಲ್ಲಿ, ಮದುವೆ ಕಾಗದದ ತುದಿ ಒಳಗೆ ಹೋಗುತ್ತದೆ. ಹೀಗಿರಬಹುದಾ?

ಗ್ಯಾರೇಜ್_ಮಾವ
ಇರಬಾರದು. ಅಲ್ಲೇ ಇರುವುದು ನಿನ್ನ ತೊಂದರೆಯ ಅರ್ಧ.

ರಿಬಿಟ್ ಹೊಡೆಯುವಾಗ ನಡುವಿನಿಂದ ಶುರು ಮಾಡಿ ಎರಡೂ ತುದಿಗೆ ಹೋಗಬೇಕು. ತುದಿಯಿಂದ ಶುರು ಮಾಡಿದರೆ ಲೈನಿಂಗ್ ನಡುವೆ ಉಬ್ಬಿ ನಿಲ್ಲುತ್ತದೆ, ನಿನ್ನ ಮದುವೆ ಕಾಗದ ಹೋಗುವುದು ಆ ಜಾಗದಲ್ಲೇ. ಅಂಥ ಶೂ ಹಾಕಿದರೆ ಪೆಡಲ್ ಸ್ಪಂಜಿನ ಹಾಗಿರುತ್ತದೆ. ನೀನು ಪೈಪಿನಲ್ಲಿ ಏರ್ ಇದೆ ಅಂತ ಅದನ್ನು ಹೊರಗೆ ಬಿಡಲು ದಿನಗಟ್ಟಲೆ ಬ್ಲೀಡ್ ಮಾಡುತ್ತಾ ಕೂರುತ್ತೀಯ. ಜೊತೆಗೆ ಆ ಲೈನಿಂಗ್ ಬಿಸಿಯಾದಾಗ ರಿಬಿಟ್ ಹತ್ತಿರ ಬಿರುಕು ಬಿಡುತ್ತದೆ. ದಪ್ಪ ಬೇರೆ ಬೇರೆ ಅಂದರೆ ಎರಡು ಬೇರೆ ಪಟ್ಟಿಯಿಂದ ಕತ್ತರಿಸಿದ್ದಾರೆ. ಗುಣವೂ ಬೇರೆ ಇರಬಹುದು. ಒಂದೇ ಚಕ್ರದಲ್ಲಿ ಎರಡು ತರದ ಲೈನಿಂಗ್ ಬೇಡ, ಒಂದೇ ಆಕ್ಸಲ್ಲಿನ ಎಡಕ್ಕೂ ಬಲಕ್ಕೂ ಬೇರೆ ಬೇರೆ ಅಂತೂ ಬೇಡವೇ ಬೇಡ. ಮುಂದಿನ ನಾಲ್ಕು ಶೂಗಳನ್ನೂ ವಾಪಸ್ ಕೊಟ್ಟು ಒಂದೇ ಪಟ್ಟಿಯಿಂದ ಹೊಡೆಸು. ಅಳತೆಗೆ ಡ್ರಮ್ಮನ್ನೂ ಜೊತೆಗೆ ತೆಗೆದುಕೊಂಡು ಹೋಗು. ಶೂ ಮಾತ್ರ ಕೊಟ್ಟರೆ ಅವರು ಕಣ್ಣಳತೆಯಲ್ಲಿ ಮಾಡುತ್ತಾರೆ.

ಹೋದಾಗ ಬರೀ "ಮೈನರ್‌ದು" ಅಂತ ಹೇಳಬೇಡ. 948 ಸಿಸಿ ಗಾಡಿಗೆ ಮುಂದೆ ಹಿಂದೆ ಎರಡೂ ಕಡೆ 7 ಇಂಚಿನ ಡ್ರಮ್. 1962ರಲ್ಲಿ 1098 ಸಿಸಿ ಎಂಜಿನ್ ಬಂದಾಗ ಮುಂದಿನದನ್ನು 8 ಇಂಚು ಮಾಡಿದರು. ಎರಡೂ ಮೈನರ್ 1000 ಅಂತಲೇ ಹೆಸರು.

ಕುಶಾಲನಗರ_ಲೇತ್
ಉಳಿದ ಅರ್ಧ ನನ್ನ ಕೆಲಸ. ಶೂ ಉಜ್ಜಿ ಉಜ್ಜಿ ಡ್ರಮ್ಮಿನ ಒಳಮೈ ಸವೆಯುತ್ತದೆ, ಶೂ ಮುಟ್ಟದ ಅಂಚು ಹಾಗೇ ಉಳಿಯುತ್ತದೆ. ಅದೇ ನಿಮ್ಮ ಉಗುರಿಗೆ ಸಿಕ್ಕಿದ ಮೆಟ್ಟಿಲು. ಹಳೇ ಶೂ ಸವೆದು ತೆಳ್ಳಗಾಗಿತ್ತು, ಅದರ ಮೇಲೆ ದಾಟಿ ಬರುತ್ತಿತ್ತು. ಹೊಸದು ದಾಟುವುದಿಲ್ಲ.

ಲೇತಿನಲ್ಲಿ ಸಣ್ಣ ಕಟ್ ಹೊಡೆದರೆ ಹೋಗುತ್ತದೆ. ಮುಂದಿನ ಎರಡೂ ಡ್ರಮ್ಮಿಗೆ ಒಂದೇ ಅಳತೆ ಬರಬೇಕು. ಎಷ್ಟು ಬೇಕೋ ಅಷ್ಟೇ, ಒಳಮೈ ಪೂರ್ತಿ ಹೊಳೆಯಲೇಬೇಕು ಅಂತ ಹಟ ಮಾಡಬೇಡಿ. ಜಾಸ್ತಿ ತೆಗೆದರೆ ಡ್ರಮ್ ತೆಳುವಾಗಿ ಬೇಗ ಬಿಸಿಯಾಗುತ್ತದೆ, ಬಿಸಿಗೆ ಹಿಗ್ಗಿ ಪೆಡಲ್ ಕೆಳಗೆ ಹೋಗುತ್ತದೆ. ನಮ್ಮ ಕಡೆ ಘಾಟಿ ಇಳಿಯುವ ಗಾಡಿಗೆ ಅದು ಒಳ್ಳೆಯದಲ್ಲ. ಬರುವಾಗ ಹಬ್ ಮೇಲೆ ಕೂರುವ ಮುಖವನ್ನು ತಂತಿ ಬ್ರಷ್ಷಿನಲ್ಲಿ ಉಜ್ಜಿಕೊಂಡು ಬನ್ನಿ. ಅಲ್ಲಿ ತುಕ್ಕಿನ ಚಕ್ಕೆ ಇದ್ದರೆ ನಾನು ಎಷ್ಟೇ ನೇರಕ್ಕೆ ಕಟ್ ಹೊಡೆದರೂ ಗಾಡಿಯಲ್ಲಿ ಓರೆಯಾಗಿ ತಿರುಗುತ್ತದೆ.

ಪೊನ್ನಂಪೇಟೆ_ಜೀಪ್
ಇಷ್ಟೆಲ್ಲಾ ಯಾಕೆ ಅಂತ ನನಗೆ ಅರ್ಥವಾಗುತ್ತಿಲ್ಲ. ದಪ್ಪ ಇರುವುದನ್ನು ಗ್ರೈಂಡರಿನಲ್ಲಿ ತೆಳ್ಳಗೆ ಮಾಡಿದರೆ ಮೈಸೂರಿಗೂ ಹೋಗಬೇಕಾಗಿಲ್ಲ, ಕುಶಾಲನಗರಕ್ಕೂ ಹೋಗಬೇಕಾಗಿಲ್ಲ.

ಸೋಮವಾರಪೇಟೆ_ಅಕ್ಕ
ಜೀಪಣ್ಣ, ಹಳೇ ಲೈನಿಂಗ್‌ಗಳಲ್ಲಿ ಕಲ್ನಾರು ಇರುತ್ತದೆ, ಅಂದರೆ ಆಸ್ಬೆಸ್ಟಾಸ್. ಗ್ರೈಂಡರಿಗೆ ಹಿಡಿದರೆ ಆ ಪುಡಿ ಶೆಡ್ಡೆಲ್ಲಾ ತುಂಬುತ್ತದೆ, ಶ್ವಾಸಕೋಶಕ್ಕೆ ಹೋದದ್ದು ವಾಪಸ್ ಬರುವುದಿಲ್ಲ. ಹೊಸ ಪಟ್ಟಿಯಲ್ಲಿ ಏನಿದೆ ಅಂತ ಅಂಗಡಿಯವರೇ ಹೇಳಲಾರರು. ಡ್ರಮ್ ಬಿಚ್ಚಿದಾಗ ಕಂಪ್ರೆಸರ್ ಗಾಳಿ ಹೊಡೆಯುವುದೂ ಅಷ್ಟೇ ತಪ್ಪು. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಬಿಸಾಡಿ. ನಮ್ಮ ಮನೆಯಲ್ಲಿ ಅಂಬಾಸಿಡರ್ ಇದ್ದಾಗಿನಿಂದ ನಾನು ಹಾಗೇ ಮಾಡುವುದು, ಡ್ರೈವರ್ ನಗುತ್ತಿದ್ದ, ನಗಲಿ ಬಿಡಿ.

ಗ್ಯಾರೇಜ್_ಮಾವ
ಅಕ್ಕ ಹೇಳಿದ್ದು ಸರಿ. ಪುಡಿಯ ವಿಷಯ ಬಿಟ್ಟರೂ ಗ್ರೈಂಡರಿನಲ್ಲಿ ಶೂನ ಕಮಾನು ಹಾಳಾಗುತ್ತದೆ. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಜೀಪಿನ ವೇಗಕ್ಕೆ, ತೋಟದೊಳಗೆ ಓಡುವುದಕ್ಕೆ ಅದು ಗೊತ್ತಾಗುವುದಿಲ್ಲ. ಸಂಪಾಜೆ ಘಾಟಿ ಇಳಿಯುವಾಗ ಗೊತ್ತಾಗುತ್ತದೆ.

ಶೂ ಕಮಾನು ಡ್ರಮ್ಮಿನ ಕಮಾನಿಗೆ ಹೊಂದುವುದೇ ಈ ಕೆಲಸದ ಜೀವಾಳ. ಉಳಿದದ್ದೆಲ್ಲಾ ಸ್ಪ್ರಿಂಗ್ ಎಳೆದು ಕೊಕ್ಕೆ ಹಾಕುವ ಕೆಲಸ. ಹೊಂದಿದೆಯೋ ಇಲ್ಲವೋ ನೋಡಲು ಶಾಲೆಯ ಬಿಳಿ ಚಾಕ್ ಸಾಕು. ಡ್ರಮ್ಮಿನ ಒಳಮೈಗೆ ತೆಳ್ಳಗೆ ಬಳಿ, ಶೂವನ್ನು ಕೈಯಲ್ಲಿ ಒತ್ತಿ ಹಿಡಿದು ಒಂದಿಷ್ಟು ಅತ್ತಿತ್ತ ಜಾರಿಸು. ಲೈನಿಂಗ್ ಮೇಲೆ ಚಾಕ್ ಎಲ್ಲಿ ಹತ್ತಿದೆಯೋ ಅಲ್ಲಿ ಮಾತ್ರ ಮುಟ್ಟುತ್ತಿದೆ ಅಂತ ಅರ್ಥ. ನಡುವೆ ಹತ್ತಿದರೆ ಚಿಂತೆಯಿಲ್ಲ, ಓಡುತ್ತಾ ಓಡುತ್ತಾ ತುದಿಯವರೆಗೆ ಕೂರುತ್ತದೆ. ಎರಡು ತುದಿಯಲ್ಲಿ ಮಾತ್ರ ಹತ್ತಿದರೆ ಹಾಕಬೇಡ. ಅಂಥ ಶೂ ಗಬಕ್ಕನೆ ಕಚ್ಚುತ್ತದೆ, ಕಿರುಚುತ್ತದೆ, ಗಾಡಿಯನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ.

ಸ್ವಲ್ಪ ವ್ಯತ್ಯಾಸ ಇದ್ದರೆ ಕೈಯಲ್ಲೇ ಸರಿಮಾಡಬಹುದು. ಎಮರಿ ಬಟ್ಟೆಯನ್ನು ಡ್ರಮ್ಮಿನ ಒಳಮೈಗೆ, ಒರಟು ಮುಖ ಒಳಗೆ ಬರುವ ಹಾಗೆ ಸುತ್ತಿ ಅಂಟಿಸಿ, ಶೂವನ್ನು ಅದರ ಮೇಲೆ ಉಜ್ಜು. ಡ್ರಮ್ಮೇ ಅಚ್ಚು ಆಗುವುದರಿಂದ ಕಮಾನು ತಪ್ಪುವುದಿಲ್ಲ. ನೀರು ಚಿಮುಕಿಸಿಕೊಂಡು ಉಜ್ಜಿದರೆ ಪುಡಿ ಹಾರುವುದಿಲ್ಲ, ಮೂಗಿಗೆ ಮಾಸ್ಕ್ ಇರಲಿ. ಆಮೇಲೆ ಲೈನಿಂಗಿನ ಎರಡೂ ತುದಿಯ ಚೂಪು ಅಂಚನ್ನು ಅರದಲ್ಲಿ ಇಳಿಜಾರು ಮಾಡು.

ನಾಪೋಕ್ಲು_ಮೈನರ್
ಥ್ಯಾಂಕ್ಸ್ ಮಾವ, ಅಕ್ಕ, ಲೇತ್ ಅಣ್ಣ. ಮೈಸೂರು, ಕುಶಾಲನಗರ ಎರಡೂ ಮುಗಿಸಿ ಬಂದೆ. ಅಂಗಡಿಯವರು ಮೊದಲು ಗೊಣಗಿದರು, ಕಾಗದ ತೂರಿಸಿ ತೋರಿಸಿದ ಮೇಲೆ ಸುಮ್ಮನಾಗಿ ದುಡ್ಡಿಲ್ಲದೆ ಹೊಡೆದುಕೊಟ್ಟರು. ಚಾಕ್ ನಡುವಿನಿಂದ ಮುಕ್ಕಾಲು ಭಾಗ ಹತ್ತಿತು. ಡ್ರಮ್ ಕೈಯಲ್ಲೇ ಕೂತಿತು!

ಈಗ ಜೋಡಿಸುವ ಬಗ್ಗೆ. ನಾಲ್ಕೂ ಚಕ್ರ ಒಟ್ಟಿಗೆ ಬಿಚ್ಚಿದ್ದರಿಂದ ಯಾವ ಸ್ಪ್ರಿಂಗ್ ಯಾವ ತೂತಿಗೆ ಅಂತ ಸ್ವಲ್ಪ ಗೊಂದಲ. ಮುಂದಿನ ಶೂಗಳು ನೋಡಲು ಒಂದೇ ಥರ, ಯಾವ ತುದಿ ಯಾವ ಕಡೆಗೆ?

ಗ್ಯಾರೇಜ್_ಮಾವ
ಬಲಗಡೆ ಮುಂದಿನದು ಇನ್ನೂ ಬಿಚ್ಚದೆ ಇದ್ದಿದ್ದರೆ ಅದನ್ನೇ ನೋಡಿ ಹಾಕಬಹುದಿತ್ತು, ಇರಲಿ. ಮುಂದಿನ ಚಕ್ರದಲ್ಲಿ ಎರಡು ಸಿಲಿಂಡರ್ ಇವೆ, ಒಂದೊಂದರಲ್ಲೂ ಒಂದೇ ಪಿಸ್ಟನ್. ಶೂನ ಒಂದು ತುದಿ ಪಿಸ್ಟನ್ ಮುಂದೆ, ಅಡ್ಜಸ್ಟರ್ ಇರುವ ಕಡೆ ಕೂರುತ್ತದೆ. ಇನ್ನೊಂದು ತುದಿ ಆಚೆ ಸಿಲಿಂಡರಿನ ಬೆನ್ನಿಗೆ ಒರಗುತ್ತದೆ. ಗಾಡಿ ಮುಂದೆ ಹೋಗುವಾಗ ಡ್ರಮ್ ಯಾವ ಕಡೆ ತಿರುಗುತ್ತದೆ ಅಂತ ಕೈಯಲ್ಲಿ ತೋರಿಸಿಕೋ. ಡ್ರಮ್ ಮೊದಲು ಪಿಸ್ಟನ್ ತುದಿಯನ್ನು ದಾಟಿ ಆಮೇಲೆ ಒರಗಿದ ತುದಿಗೆ ಬರಬೇಕು. ಎರಡೂ ಶೂಗೂ ಹಾಗೇ. ಉಲ್ಟಾ ಅನಿಸಿದರೆ, ಶೂ, ಸಿಲಿಂಡರ್ ಕೂರಿಸಿದ ಎಡಬಲದ ಬ್ಯಾಕ್ ಪ್ಲೇಟೇ ಅದಲು ಬದಲಾಗಿದೆ ಅಂತ.

ಸ್ಪ್ರಿಂಗ್ ಎಳೆಯಲು ಸ್ಕ್ರೂ ಡ್ರೈವರ್ ತುರುಕಬೇಡ, ಜಾರಿದರೆ ಕಣ್ಣಿಗೇ ಬರುವುದು. ಗಟ್ಟಿ ಸುತಳಿಯನ್ನು ಕೊಕ್ಕೆಗೆ ಸಿಕ್ಕಿಸಿ ಎಳೆ, ಕನ್ನಡಕ ಹಾಕಿಕೋ. ಬ್ಯಾಕ್ ಪ್ಲೇಟಿನ ಮೇಲೆ ಶೂ ಉಜ್ಜುವ ಜಾಗಗಳಿಗೆ ಬಿಸಿ ತಡೆಯುವ ಗ್ರೀಸ್ ಬೆರಳ ತುದಿಯಷ್ಟು ಸವರು. ಜಾಸ್ತಿ ಹಾಕಿದರೆ ಕರಗಿ ಲೈನಿಂಗಿಗೆ ಬರುತ್ತದೆ.

ಕೂರಿಸಿದ ಮೇಲೆ ಅಡ್ಜಸ್ಟ್ ಮಾಡುವುದು. ಹಬ್ ಕ್ಯಾಪ್ ತೆಗೆದು ಚಕ್ರ ತಿರುಗಿಸಿದರೆ ತೂತಿನಲ್ಲಿ ಅಡ್ಜಸ್ಟರಿನ ಗೀರು ಕಾಣುತ್ತದೆ. ಸ್ಕ್ರೂ ಡ್ರೈವರಿನಲ್ಲಿ ಬಲಕ್ಕೆ ತಿರುಗಿಸುತ್ತಾ ಹೋಗು, ಚಕ್ರ ಬಿಗಿಯಾಗಿ ನಿಲ್ಲಬೇಕು, ಆಮೇಲೆ ಒಂದು ಕ್ಲಿಕ್ ಹಿಂದಕ್ಕೆ. ಪೆಡಲ್ ಎರಡು ಮೂರು ಸಲ ಜೋರಾಗಿ ತುಳಿದು ಮತ್ತೆ ನೋಡು, ಶೂಗಳು ಜರುಗಿ ತಮ್ಮ ಜಾಗಕ್ಕೆ ಕೂತಿರುತ್ತವೆ, ಹಾಗಾಗಿ ಇನ್ನೊಂದು ಕ್ಲಿಕ್ ಸಿಗಬಹುದು. ಹಿಂದಿನ ಚಕ್ರ ಅಡ್ಜಸ್ಟ್ ಮಾಡುವ ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ಸಡಿಲ ಇರಲಿ. ಕೇಬಲ್ ಬಿಗಿ ಇದ್ದರೆ ಶೂ ಆಗಲೇ ಸ್ವಲ್ಪ ಅಗಲಿರುತ್ತದೆ, ನಿನ್ನ ಲೆಕ್ಕ ತಪ್ಪುತ್ತದೆ.

ಸೋಮವಾರಪೇಟೆ_ಅಕ್ಕ
ಆಯಿಲ್ ಬಗ್ಗೆ ಯಾರೂ ಹೇಳಲಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಬಟ್ಟೆ ಒಣಗದ ಮನೆಯೊಳಗೆ ಅದು ಎಷ್ಟು ನೀರು ಕುಡಿದಿರುತ್ತದೆ ಯೋಚಿಸಿ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಅಂತ ಲೆಕ್ಕ, ತೇವ ಹಿಡಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4 ಆದರೆ 230, ತೇವ ಹಿಡಿದರೆ 155. ಇಳಿಜಾರಿನಲ್ಲಿ ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ನೆಲಕ್ಕೆ. ಅರ್ಧ ಬಳಸಿ ಕಪಾಟಿನಲ್ಲಿಟ್ಟ ಹಳೇ ಡಬ್ಬಿ ಸುರಿಯಬೇಡಿ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ಕಿತ್ತು ಬರುತ್ತದೆ. ಸಿಲಿಂಡರಿನ ರಬ್ಬರ್ ವಾಷರ್‌ಗಳನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯಲೇಬೇಡಿ, ಉಬ್ಬಿ ಕೂರುತ್ತವೆ.

ನಾಪೋಕ್ಲು_ಮೈನರ್
ಡಾಟ್ 4 ಹೊಸ ಡಬ್ಬಿ ತಂದು ಹಾಕಿದೆ ಅಕ್ಕ. ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ, ನೆಲದ ಅಡಿಯಲ್ಲಿದೆ. ಮ್ಯಾಟ್ ಎತ್ತಿ ಮುಚ್ಚಳ ತೆಗೆದು ಸುರಿಯುವಷ್ಟರಲ್ಲಿ ಸಾಕು ಸಾಕಾಯಿತು.

ಮನೆ ರಸ್ತೆಯಲ್ಲಿ ಓಡಿಸಿದೆ. ಪೆಡಲ್ ಈಗ ಮೇಲೆ ನಿಲ್ಲುತ್ತದೆ. ಆದರೆ ಬ್ರೇಕ್ ಹಾಕಿದರೆ ಗಾಡಿ ಬಲಕ್ಕೆ ಎಳೆಯುತ್ತದೆ. ನಾವೆಲ್ಲ ಇಷ್ಟು ತಲೆ ಕೆಡಿಸಿಕೊಂಡದ್ದು ಎಡಗಡೆ ಚಕ್ರಕ್ಕೆ, ಎಳೆಯುವುದು ಬಲಕ್ಕೆ!

ಕುಶಾಲನಗರ_ಲೇತ್
ಬಲಕ್ಕೆ ಎಳೆದರೆ ಬಲಗಡೆ ಸರಿಯಾಗಿ ಹಿಡಿಯುತ್ತಿದೆ ಅಂತ. ಎಡಗಡೆಯದು ಸೋಮಾರಿ.

ಗ್ಯಾರೇಜ್_ಮಾವ
ಹೌದು. ಎಡಗಡೆ ಮತ್ತೆ ಬಿಚ್ಚು. ಲೈನಿಂಗಿಗೆ ಗ್ರೀಸ್, ಆಯಿಲ್ ತಾಗಿದೆಯಾ ನೋಡು. ಇಲ್ಲದಿದ್ದರೆ ಎರಡು ಸಿಲಿಂಡರಿಗೂ ಎರಡು ಜಿ ಕ್ಲಾಂಪ್ ಹಾಕಿ, ಒಂದನ್ನು ಒಂದು ಕೂದಲಷ್ಟು ಸಡಿಲಿಸಿ, ಇನ್ನೊಬ್ಬರಿಗೆ ಪೆಡಲನ್ನು ಮೆತ್ತಗೆ ಒತ್ತಲು ಹೇಳು. ಆಮೇಲೆ ಇನ್ನೊಂದನ್ನು ಹಾಗೇ ನೋಡು. ಯಾವುದು ಅಲುಗಾಡುವುದಿಲ್ಲವೋ ಅದೇ ಕಳ್ಳ. ಎರಡೂ ಅಲುಗಾಡದಿದ್ದರೆ ಹೋಸ್ ಪೈಪ್. ಹಳೇ ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ಮುಚ್ಚಿರುತ್ತದೆ.

ನಾಪೋಕ್ಲು_ಮೈನರ್
ಕೆಳಗಿನ ಸಿಲಿಂಡರ್ ಮಾವ. ಮೇಲಿನದು ನಯವಾಗಿ ಹೊರಗೆ ಬಂತು, ಕೆಳಗಿನದು ಕದಲಲೇ ಇಲ್ಲ. ಬೆರಳಲ್ಲಿ ಒತ್ತಿ ಒಳಗೆ ಕಳಿಸಿದ ಮೇಲೆ ಅಲ್ಲೇ ಕಚ್ಚಿಕೊಂಡಿತ್ತು. ರಬ್ಬರ್ ಮುಸುಕು ಸರಿಸಿದರೆ ಕಂದು ಬಣ್ಣದ ಕೆಸರು, ಅದರ ಹಿಂದೆ ಬೋರಿನ (ಸಿಲಿಂಡರಿನ ಒಳತೂತಿನ) ಗೋಡೆಯಲ್ಲಿ ಸಣ್ಣ ಸಣ್ಣ ಗುಳಿಗಳು, ಸಾಸಿವೆ ಕಾಳು ಕೂರುವಷ್ಟು. ಅಂದರೆ ಎಡಗಡೆ ಒಂದೇ ಶೂ ಕೆಲಸ ಮಾಡುತ್ತಿತ್ತು, ಬಲಗಡೆ ಎರಡು.

ಗ್ಯಾರೇಜ್_ಮಾವ
ಗುಳಿ ಬಿದ್ದಿದ್ದರೆ ಎಮರಿ ಹಾಕಿ ಉಜ್ಜಿ ಪ್ರಯೋಜನ ಇಲ್ಲ, ವಾಷರ್ ಆ ಗುಳಿಯಲ್ಲಿ ಸೋರುತ್ತದೆ. ಸಿಲಿಂಡರ್ ಬದಲಾಯಿಸು ಅಥವಾ ಬೋರಿಗೆ ಸ್ಟೀಲ್ ಸ್ಲೀವ್, ಅಂದರೆ ಒಳಕೊಳವೆ, ಹಾಕಿಸು. ಇಂಗ್ಲೆಂಡಿನಲ್ಲಿ ಮೈನರ್ ಸಾಮಾನು ಈಗಲೂ ಹೊಸದು ಸಿಗುತ್ತದೆ, ತರಿಸಬಹುದು. ಎರಡು ಸಿಲಿಂಡರ್ ನಡುವಿನ ಸಣ್ಣ ಕಬ್ಬಿಣದ ಪೈಪನ್ನೂ ನೋಡು, ಬ್ಯಾಕ್ ಪ್ಲೇಟ್ ಹಿಂದೆ ಕೆಸರು ಕೂತು ಅದು ತುಕ್ಕು ಹಿಡಿದಿರುತ್ತದೆ.

ನಾಪೋಕ್ಲು_ಮೈನರ್
ನಾಲ್ಕು ಸಿಲಿಂಡರ್ ಸ್ಲೀವ್ ಹಾಕಿಸಿದೆ, ಮೂರು ಹೋಸ್ ಹೊಸದು. ಈಗ ನೇರ ನಿಲ್ಲುತ್ತದೆ.

ಕೊನೆಯ ಪ್ರಶ್ನೆ ಅಂದುಕೊಳ್ಳಿ. ಮನೆ ಮುಂದಿನ ಏರಿನಲ್ಲಿ ನಿಲ್ಲಿಸಿದಾಗ ಗಾಡಿ ಹಿಂದಕ್ಕೆ ಜಾರಲು ನೋಡುತ್ತದೆ. ಪೆಡಲ್ ಬಹಳ ಜೋರಾಗಿ ತುಳಿದರೆ ಮಾತ್ರ ನಿಲ್ಲುತ್ತದೆ. ಅದೇ ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿದರೆ ಹೆಬ್ಬೆರಳಿಟ್ಟರೂ ಸಾಕು. ಇನ್ನೂ ಏನಾದರೂ ಉಳಿದಿದೆಯಾ?

ಪೊನ್ನಂಪೇಟೆ_ಜೀಪ್
ಏರ್ ಇರಬೇಕು. ಜೀಪಿನಲ್ಲಿ ಹಾಗಾಗುವುದಿಲ್ಲ.

ಗ್ಯಾರೇಜ್_ಮಾವ
ಏರ್ ಅಲ್ಲ. ಗಾಡಿ ಕಟ್ಟಿರುವುದೇ ಹಾಗೆ.

ಪಿಸ್ಟನ್ ತುದಿಯಿಂದ ಒರಗಿದ ತುದಿಯ ಕಡೆಗೆ ಡ್ರಮ್ ತಿರುಗಿದರೆ, ಅದು ಶೂವನ್ನು ತನ್ನ ಜೊತೆ ಎಳೆದುಕೊಂಡು ಇನ್ನೂ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ನೀನು ಕೊಟ್ಟ ಬಲಕ್ಕಿಂತ ಜಾಸ್ತಿ ಬಲ ಸಿಗುತ್ತದೆ. ಇದಕ್ಕೆ ಲೀಡಿಂಗ್ ಶೂ ಅನ್ನುತ್ತಾರೆ. ಮೈನರ್‌ನ ಮುಂದಿನ ಚಕ್ರದಲ್ಲಿ ಎರಡೂ ಲೀಡಿಂಗ್. ಪೆಡಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲದ ಗಾಡಿ 7 ಇಂಚಿನ ಸಣ್ಣ ಡ್ರಮ್ಮಿನಲ್ಲಿ ನಿಲ್ಲುವುದು ಇದರಿಂದಲೇ. ಚಕ್ರ ಹಿಂದಕ್ಕೆ ತಿರುಗಿದಾಗ ಅದೇ ಎರಡು ಶೂ ಉಲ್ಟಾ ಆಗುತ್ತವೆ, ಡ್ರಮ್ ಅವನ್ನು ಒಳಗೆ ಎಳೆಯುವ ಬದಲು ಆಚೆ ತಳ್ಳುತ್ತದೆ, ಇದಕ್ಕೆ ಟ್ರೇಲಿಂಗ್ ಅನ್ನುತ್ತಾರೆ. ಮುಂದಿನ ಎರಡೂ ಚಕ್ರಗಳ ಹಿಡಿತ ಒಟ್ಟಿಗೆ ಇಳಿಯುತ್ತದೆ. ಹಿಂದಿನ ಚಕ್ರದಲ್ಲಿ ಒಂದು ಲೀಡಿಂಗ್, ಒಂದು ಟ್ರೇಲಿಂಗ್, ಹಾಗಾಗಿ ಅಲ್ಲಿ ಎರಡು ದಿಕ್ಕಿನಲ್ಲೂ ಹೆಚ್ಚು ಕಡಿಮೆ ಒಂದೇ.

ಹಳೇ ವಿಲ್ಲಿಸ್ ಜೀಪಿನಲ್ಲಿ ನಾಲ್ಕೂ ಚಕ್ರಕ್ಕೆ ಒಂದು ಲೀಡಿಂಗ್, ಒಂದು ಟ್ರೇಲಿಂಗ್. ಹಿಂದಕ್ಕೂ ನಿಲ್ಲುತ್ತದೆ, ಮುಂದಕ್ಕೆ ಅಷ್ಟು ಚುರುಕಲ್ಲ. ಜೀಪಣ್ಣ ಹೇಳಿದ್ದು ಅವರ ಗಾಡಿಗೆ ಸರಿ.

ನಿನ್ನ ಏರಿನಲ್ಲಿ ಹ್ಯಾಂಡ್ ಬ್ರೇಕ್ ಮೇಲೆ ನಂಬಿಕೆ ಇಡು, ಅದು ಹಿಂದಿನ ಚಕ್ರ ಹಿಡಿಯುತ್ತದೆ. ಏರಿನಲ್ಲಿ ಗಾಡಿ ಬಿಟ್ಟು ಹೋಗುವುದಾದರೆ ಫಸ್ಟ್ ಗೇರ್, ಚಕ್ರಕ್ಕೆ ಕಲ್ಲು.

ಸೋಮವಾರಪೇಟೆ_ಅಕ್ಕ
ಇದು ನನಗೂ ಗೊತ್ತಿರಲಿಲ್ಲ. ನಮ್ಮ ಅಂಬಾಸಿಡರ್ ಮಡಿಕೇರಿ ಪೇಟೆಯ ಏರಿನಲ್ಲಿ ಹಿಂದೆ ಜಾರುವಾಗ ಡ್ರೈವರನ್ನು ಬೈಯುತ್ತಿದ್ದೆವು. ಅದಕ್ಕೂ ಮುಂದೆ ಎರಡು ಸಿಲಿಂಡರ್ ಇತ್ತು.

ಒಂದು ಮಾತು ಸೇರಿಸುತ್ತೇನೆ. ಮಳೆಗಾಲದಲ್ಲಿ ಶೆಡ್ಡಿನಲ್ಲಿ ನಿಲ್ಲಿಸುವಾಗ ಮಾತ್ರ ಹ್ಯಾಂಡ್ ಬ್ರೇಕ್ ಹಾಕಿ ಬಿಡಬೇಡಿ. ಜೂನ್‌ನಲ್ಲಿ ಹಾಕಿದ್ದು ಸೆಪ್ಟೆಂಬರ್‌ನಲ್ಲಿ ಬಿಡುವುದಿಲ್ಲ, ಲೈನಿಂಗ್ ಡ್ರಮ್ಮಿಗೆ ತುಕ್ಕಿನಲ್ಲಿ ಅಂಟಿಕೊಂಡಿರುತ್ತದೆ.

ಗ್ಯಾರೇಜ್_ಮಾವ
ಸರಿಯಾಗಿ ಹೇಳಿದಿರಿ. ಅಂಟಿಕೊಂಡರೆ ಎಂಜಿನ್ ಜೋರು ಮಾಡಿ ಎಳೆಯಬೇಡಿ, ಲೈನಿಂಗ್ ರಿಬಿಟ್ಟಿನಿಂದ ಕಿತ್ತು ಬರುತ್ತದೆ. ಮರದ ಕೊಡತಿಯಲ್ಲಿ ಡ್ರಮ್ ಸುತ್ತ ಮೆಲ್ಲಗೆ ತಟ್ಟಿ.

ತಮ್ಮಾ, ಹೊಸ ಲೈನಿಂಗ್ ಕೂರುವವರೆಗೆ ಮಾಕುಟ್ಟ, ಸಂಪಾಜೆ ಎರಡೂ ಘಾಟಿ ಇಳಿಯಬೇಡ. ಸಮ ರಸ್ತೆಯಲ್ಲಿ ಮೆಲ್ಲಗೆ ಬ್ರೇಕ್ ಹಾಕು, ಬಿಡು, ಆರಲು ಬಿಡು. ನಿಲ್ಲಿಸಿದ ಮೇಲೆ ನಾಲ್ಕೂ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡು, ಮುಟ್ಟಬೇಡ. ಒಂದೇ ಒಂದು ಜಾಸ್ತಿ ಬಿಸಿ ಇದ್ದರೆ ಆ ಶೂ ಬಿಡುತ್ತಿಲ್ಲ, ಅದರ ಅಡ್ಜಸ್ಟರ್ ಒಂದು ಕ್ಲಿಕ್ ಸಡಿಲ ಮಾಡು. ಸ್ವಲ್ಪ ಓಡಿದ ಮೇಲೆ ಪೆಡಲ್ ಕೆಳಗಿಳಿಯುತ್ತದೆ, ಲೈನಿಂಗ್ ಕೂತಿದೆ ಅಂತ ಅರ್ಥ, ಆಗ ಎಲ್ಲಾ ಆರು ಅಡ್ಜಸ್ಟರನ್ನೂ ಮತ್ತೆ ಒಮ್ಮೆ ನೋಡು. ಆಮೇಲೆ ಘಾಟಿ ಇಳಿದರೂ ಸೆಕೆಂಡ್ ಗೇರಿನಲ್ಲೇ ಇಳಿ, ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಬರಬೇಡ.

ನಾಪೋಕ್ಲು_ಮೈನರ್
ಆಗಲಿ ಮಾವ. ನಾಳೆ ಮೂರ್ನಾಡು ಕಡೆ ಓಡಿಸಿ ನೋಡುತ್ತೇನೆ. ಹಿಂದೆ ಬಲಗಡೆ ಡ್ರಮ್ ಒಳಗೆ ಗೇರ್ ಆಯಿಲ್ ಜಿಡ್ಡು ಇತ್ತು, ಒರೆಸಿ ಹಾಕಿದ್ದೇನೆ. ಅದು ಆಕ್ಸಲ್ ಆಯಿಲ್ ಸೀಲ್ ಅಲ್ವಾ?

ಗ್ಯಾರೇಜ್_ಮಾವ
ಅದೇ. ಹಿಂದಿನ ಆಕ್ಸಲ್ ನಡುವಿನ ಗೇರ್ ಪೆಟ್ಟಿಗೆ, ಡಿಫರೆನ್ಶಿಯಲ್ಲಿನಲ್ಲಿ ಆಯಿಲ್ ಜಾಸ್ತಿ ತುಂಬಿದ್ದರೂ ಬರುತ್ತದೆ, ಮೊದಲು ಲೆವೆಲ್ ನೋಡು. ಲೆವೆಲ್ ಸರಿ ಇದ್ದೂ ಬಂದರೆ ಸೀಲ್ ಬದಲಾಯಿಸಿದ ಮೇಲೆಯೇ ಮೂರ್ನಾಡು. ಆಯಿಲ್ ಕುಡಿದ ಲೈನಿಂಗ್ ಒರೆಸಿದರೆ ಸರಿಹೋಗುವುದಿಲ್ಲ, ಆ ಎರಡು ಶೂ ಮತ್ತೆ ಮೈಸೂರಿಗೆ ಹೋಗಬೇಕು.